ಬರೋಲೋ ದ್ರಾಕ್ಷಾಮದ್ಯವೂ ಸಣ್ಣ ಹಿಡುವಳಿಯ ಒಕ್ಕಲೂ

ವ್ಯವಸಾಯದ ಪತ್ರಿಕೆಯಲ್ಲಿ ಪರದೇಶದ ದ್ರಾಕ್ಷಾಮದ್ಯದ ಪ್ರಸ್ತಾಪವೇಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಪಾನವನ್ನು ಪ್ರಶಂಸಿಸುವುದಾಗಲಿ, ಅದಕ್ಕೆ ಪ್ರೋತ್ಸಾಹ ಕೊಡುವುದಾಗಲಿ ಈ ಲೇಖನದ ಉದ್ದೇಶವಲ್ಲ. ಕುಡಿಯುವವನ ನಾಲಗೆಯ ಮಾತನ್ನು ಬದಿಗಿಟ್ಟು, ಬೆಳೆಯುವವನ ಹೊಲಮನೆಗಳ ಮಾತನ್ನು ಮಾತ್ರ ಇಲ್ಲಿ ವಿಚಾರಮಾಡತಕ್ಕದ್ದಾಗಿದೆ. ಇಟಲಿ ದೇಶದ ವಾಯವ್ಯ ಭಾಗದಲ್ಲಿ ಸುಮಾರು ೫ ಹೆಕ್ಟೇರು, ಎಂದರೆ ೧೨ ಎಕರೆಗಳಷ್ಟು ಭೂಮಿಯುಳ್ಳ ಒಂದು ಸಂಸಾರವು, ತನ್ನ ಮುಖ್ಯವಾದ ಹುಟ್ಟುವಳಿಯನ್ನು ಮೂರು ವರ್ಷಗಳಿಗೂ ಮೇಲ್ಪಟ್ಟು ಮನೆಯಲ್ಲಿಯೇ ಇಟ್ಟುಕೊಂಡು, ಆ ಬಳಿಕ ತನ್ನ ಹೆಸರಿನಲ್ಲಿಯೇ ಮಾರುತ್ತದೆ. ಫಸಲು ಕಣಕ್ಕೆ ಬರುವ ಮೊದಲೇ ಅದರ ಬೆಲೆಯು ಸಾಹುಕಾರನ ಲೆಕ್ಕಕ್ಕೆ ಸೇರಿಹೋಗುವುದನ್ನು ಕಂಡವರಿಗೆ ಇದು ಆಶ್ಚರ್ಯವಾಗಿ ತೋರದಿರದು. ಇದು ಹೇಗೆ ಸಾಧ್ಯವಾಯಿತು, ಇನ್ನೆಷ್ಟು ಕಾಲ ಸಾಧ್ಯವಾಗಿರುವುದು ಎಂಬ ಎರಡು ಪ್ರಶ್ನೆಗಳೇ ಈ ಲೇಖನದ ವಿಷಯ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಸಣ್ಣ ಹಿಡುವಳಿದಾರನ ಬಡತನಕ್ಕೆ ಭೂಮಿಯ ಕೊರತೆಯೊಂದೇ ಕಾರಣವಲ್ಲ. ಕಾಯುವ ಶಕ್ತಿಯ ಕೊರತೆಯೂ ಅಷ್ಟೇ ದೊಡ್ಡ ಕಾರಣ. ಹುಟ್ಟುವಳಿಗೆ ಒಳ್ಳೆಯ ಹೆಸರು ಬಂದರೂ, ಕಾಯಲಾರದವನಿಗೆ ಆ ಹೆಸರಿನ ಫಲವು ದಕ್ಕಲಾರದು.

ಪಿಯೆಮೊಂತೆ ಪ್ರಾಂತದ ಕೂನಿಯೋ ಜಿಲ್ಲೆಯಲ್ಲಿ, ಆಲ್ಬಾ ಪಟ್ಟಣಕ್ಕೆ ನೈರುತ್ಯವಾಗಿ, ಲಾಂಗೆ ಎಂದು ಕರೆಯಲ್ಪಡುವ ಗುಡ್ಡಗಳ ಸೀಮೆಯುಂಟು. ಇಲ್ಲಿನ ಹನ್ನೊಂದು ಗ್ರಾಮಗಳ ಗೊತ್ತಾದ ಎಲ್ಲೆಯೊಳಗೆ ಬೆಳೆದ ನೆಬ್ಬಿಯೋಲೋ ಎಂಬ ಒಂದೇ ಜಾತಿಯ ಕಪ್ಪು ದ್ರಾಕ್ಷಿಯಿಂದ ಮಾಡಿದ ಕೆಂಪು ಮದ್ಯಕ್ಕೆ, ಆ ಗ್ರಾಮಗಳಲ್ಲಿ ಒಂದರ ಹೆಸರನ್ನೇ ಹಿಡಿದು, ಬರೋಲೋ ಎಂದು ಹೆಸರು. ನೆಬ್ಬಿಯೋಲೋ ಸುಲಭವಾದ ಬೆಳೆಯಲ್ಲ. ಅದು ನೆರೆಯ ಜಾತಿಗಳಿಗಿಂತ ಮೊದಲೇ ಚಿಗುರುವುದರಿಂದ ವಸಂತಕಾಲದ ಹಿಮಕ್ಕೆ ಗುರಿಯಾಗುತ್ತದೆ. ಅವುಗಳಿಗಿಂತ ಕಡೆಗೆ ಹಣ್ಣಾಗುವುದರಿಂದ ಶರತ್ಕಾಲದ ಮಳೆಗೂ ಗುರಿಯಾಗುತ್ತದೆ. ಎಲ್ಲ ಮಣ್ಣಿಗೂ ಎಲ್ಲ ಇಳಿಜಾರಿಗೂ ಅದು ಒಗ್ಗುವುದಿಲ್ಲ. ಚಳಿಗಾಲದಲ್ಲಿ ಹಿಮವು ಎಲ್ಲಿ ಮೊದಲು ಕರಗುವುದೋ ಅದೇ ನೆಬ್ಬಿಯೋಲೋವಿಗೆ ತಕ್ಕ ಜಾಗವೆಂದು ಅಲ್ಲಿನ ಹಿರಿಯರು ಗುರುತಿಟ್ಟುಕೊಂಡಿದ್ದರು. ಇದರ ಮದ್ಯದ ಬಣ್ಣವು ತಿಳಿಯಾದುದು; ಆದರೆ ಒಗರು ಬಹಳ. ಹೊಸದಾಗಿರುವಾಗ ಅದನ್ನು ಬಾಯಲ್ಲಿಡುವುದು ಎಳೆಯ ನೆಲ್ಲಿಕಾಯಿಯನ್ನು ಕಡಿದಂತೆ. ಈ ಒಗರನ್ನು ತಗ್ಗಿಸಲು ಕಾಲಕ್ಕಿಂತ ಉತ್ತಮವಾದ ಉಪಾಯವು ಹಿಂದಿನವರಿಗೆ ತಿಳಿದಿರಲಿಲ್ಲ.

ಹಳೆಯ ಪದ್ಧತಿಯಲ್ಲಿ ಹಣ್ಣನ್ನು ಕೊಯ್ದು, ಅರೆದು, ರಸವನ್ನು ಸಿಪ್ಪೆಯ ಸಮೇತ ತೊಟ್ಟಿಗಳಲ್ಲಿ ಹುದುಗಲು ಬಿಡುತ್ತಾರೆ. ಮೇಲಕ್ಕೆ ತೇಲುವ ಸಿಪ್ಪೆಯನ್ನು ಮರದ ಪಟ್ಟಿಗಳಿಂದ ಒತ್ತಿ ಮುಳುಗಿಸಿ, ಒಂದು ತಿಂಗಳು, ಕೆಲವು ವೇಳೆ ಅದಕ್ಕೂ ಹೆಚ್ಚು ಕಾಲ, ಹಾಗೆಯೇ ಇಡುವರು. ಅನಂತರ ಮದ್ಯವನ್ನು ಸೋಸಿ ಓಕ್ ಮರದ ದೊಡ್ಡ ಪೀಪಾಯಿಗಳಿಗೆ ತುಂಬುವರು. ಒಂದೊಂದು ಪೀಪಾಯಿಯೂ ಎರಡು ಮೂರು ಸಾವಿರ ಲೀಟರುಗಳನ್ನು, ಇನ್ನೂ ದೊಡ್ಡವಾದರೆ ಐದು ಸಾವಿರ ಲೀಟರುಗಳನ್ನು ಹಿಡಿಯುತ್ತದೆ. ತಕ್ಕ ಜೋಪಾನವಿದ್ದರೆ ಅದು ಹತ್ತಾರು ವರ್ಷ ಬಾಳುತ್ತದೆ. ತಂದೆಯು ಮಾಡಿಸಿದುದು ಮಗನ ಕಾಲಕ್ಕೂ ಒದಗುತ್ತದೆ. ಮರದ ವಾಸನೆಯನ್ನು ಮದ್ಯಕ್ಕೆ ಸೇರಿಸುವುದು ಇದರ ಕೆಲಸವಲ್ಲ. ಮೆಲ್ಲಮೆಲ್ಲನೆ ಗಾಳಿಯಾಡಲು ಎಡೆಗೊಟ್ಟು ಒಗರನ್ನು ಹದಕ್ಕೆ ತರುವುದೇ ಇದರ ಕೆಲಸ.

ಈ ಪದ್ಧತಿಯನ್ನು ಬಿಡದೆ ನಡೆಸಿಕೊಂಡು ಬಂದವರಲ್ಲಿ, ಮೇಲೆ ಸೂಚಿಸಿದ ಮಸ್ಕರೆಲ್ಲೋ ಮನೆತನವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಮೊದಲನೆಯ ಮಹಾಯುದ್ಧವು ಮುಗಿದ ಕಾಲದಲ್ಲಿ ಜೂಲಿಯೋ ಮಸ್ಕರೆಲ್ಲೋ ಎಂಬವರು ಬರೋಲೋ ಗ್ರಾಮದಲ್ಲಿ ಸ್ವಂತವಾಗಿ ಮದ್ಯವನ್ನು ತಯಾರಿಸಲು ತೊಡಗಿದರು. ಅವರ ತರುವಾಯ ಮಗ ಬಾರ್ತೊಲೋ ಅವರು ೨೦೦೫ರಲ್ಲಿ ಕಾಲವಾಗುವವರೆಗೂ ಅದನ್ನು ನಡೆಸಿದರು. ಈಗ ಮೊಮ್ಮಗಳು ನಡೆಸುತ್ತಿರುವರು. ಈ ಮನೆಯವರ ತೋಟವು ಒಂದೇ ಕಡೆಯಲ್ಲಿಲ್ಲ. ಬರೋಲೋ ಗ್ರಾಮದ ಕನ್ನೂಬಿ, ಸಾನ್ ಲೊರೆಂತ್ಸೋ, ರುವೇ ಎಂಬ ಮೂರು ಇಳಿಜಾರುಗಳಲ್ಲಿಯೂ, ನೆರೆಯ ಲಾ ಮೊರ್ರಾ ಗ್ರಾಮದಲ್ಲಿಯೂ ತುಂಡುತುಂಡಾಗಿ ಹರಡಿದೆ. ಒಂದೊಂದು ತುಂಡಿನ ಮದ್ಯವನ್ನೂ ಬೇರೆಬೇರೆ ಹೆಸರಿನಿಂದ ಹೆಚ್ಚಿನ ಬೆಲೆಗೆ ಮಾರುವ ರೂಢಿಯು ಸುತ್ತಲೂ ಬೆಳೆದರೂ, ಬಾರ್ತೊಲೋ ಅವರು ಎಲ್ಲವನ್ನೂ ಕೂಡಿಸಿ ಒಂದೇ ಬರೋಲೋ ಮಾಡುತ್ತಿದ್ದರು. ಇದು ಹಳಬರ ಕ್ರಮ. ಒಂದು ತುಂಡಿಗೆ ಆಲಿಕಲ್ಲು ಬಿದ್ದರೆ ಇನ್ನೊಂದು ಉಳಿಸುತ್ತದೆ. ಒಂದರ ಹಣ್ಣಿನಲ್ಲಿ ಒಗರು ಹೆಚ್ಚಿದರೆ ಇನ್ನೊಂದರದು ಅದನ್ನು ತೂಗಿಸುತ್ತದೆ. ಚದರಿದ ಹಿಡುವಳಿಯನ್ನು ಶಾಪವೆಂದೇ ಬಗೆಯುವ ನಾವು ಇದನ್ನು ಗಮನಿಸತಕ್ಕದ್ದು.

ಆದರೆ ಈ ತಾಳ್ಮೆಯನ್ನು ಕೇವಲ ಗುಣವೆಂದು ಹೊಗಳಿ ಬಿಟ್ಟರೆ ಸತ್ಯದ ಅರ್ಧಭಾಗವನ್ನು ಮುಚ್ಚಿಟ್ಟಂತಾಗುವುದು. ಈಗಿನ ನಿಬಂಧನೆಯಂತೆ ಬರೋಲೋ ಮದ್ಯವನ್ನು, ಕೊಯ್ಲಿನ ವರ್ಷದ ನವೆಂಬರ್ ೧ನೆಯ ತಾರೀಖಿನಿಂದ ೩೮ ತಿಂಗಳುಗಳ ಕಾಲ, ಅದರಲ್ಲಿ ೧೮ ತಿಂಗಳು ಮರದ ಪೀಪಾಯಿಯಲ್ಲಿ, ಇಟ್ಟ ಹೊರತು ಮಾರಕೂಡದು. ಎಂದರೆ ೨೦೨೧ರ ಹಣ್ಣಿನ ಹಣವು ೨೦೨೫ಕ್ಕೆ ಮೊದಲು ಕೈಗೆ ಬರುವಂತಿಲ್ಲ. ಅಷ್ಟರೊಳಗೆ ಇನ್ನೂ ಮೂರು ಸಲ ಬಳ್ಳಿಯನ್ನು ಸವರಿ, ಮೂರು ಸಲ ಔಷಧ ಸಿಂಪಡಿಸಿ, ಮೂರು ಕೊಯ್ಲುಗಳ ಕೂಲಿಯನ್ನು ಕೊಟ್ಟು ಆಗಿರುತ್ತದೆ. ಮನೆಯವರು ಅಷ್ಟು ಕಾಲ ಏನನ್ನು ಉಣ್ಣಬೇಕು? ಈ ಪ್ರಶ್ನೆಗೆ ಉತ್ತರವಿಲ್ಲದವನಿಗೆ ತಾಳ್ಮೆಯನ್ನು ಬೋಧಿಸುವುದು ಹಸಿದವನಿಗೆ ಉಪವಾಸದ ಪುಣ್ಯವನ್ನು ಬೋಧಿಸಿದಂತೆ.

ಲಾಂಗೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬರೋಲೋ ಮದ್ಯವನ್ನು ಪ್ರಸಿದ್ಧಿಗೆ ತಂದವರು ದೊಡ್ಡ ಜಮೀನುದಾರರು: ಬರೋಲೋವಿನ ಫಲ್ಲೆತ್ತಿ ಮನೆತನದವರು, ಮತ್ತು ಮುಂದೆ ಇಟಲಿಯ ಪ್ರಥಮ ಪ್ರಧಾನಮಂತ್ರಿಯಾಗಿ, ಅದಕ್ಕೂ ಮೊದಲು ಗ್ರಿಂತ್ಸಾನೆ ಗ್ರಾಮದ ಅಧ್ಯಕ್ಷನಾಗಿ ತೋಟಗಳನ್ನು ನೋಡಿಕೊಳ್ಳುತ್ತಿದ್ದ ಕವೂರ್ ಮೊದಲಾದವರು. ಕಾಯುವ ಶಕ್ತಿಯು ಇವರಿಗೆ ಇದ್ದಿತು. ಸಣ್ಣ ಒಕ್ಕಲಿಗನಿಗೆ ಇರಲಿಲ್ಲ. ಅವನು ಭೂಮಿಯನ್ನು ಅಳೆಯುತ್ತಿದ್ದುದು ಜೋರ್ನಾತಾ ಎಂಬ ಅಳತೆಯಲ್ಲಿ. ಒಂದು ದಿನದಲ್ಲಿ ಎತ್ತುಗಳಿಂದ ಉಳಬಹುದಾದಷ್ಟು ನೆಲವೆಂದು ಅದರ ಅರ್ಥ. ಒಂದು ಎಕರೆಗಿಂತ ಸ್ವಲ್ಪ ಕಡಮೆ. ಅಂತಹ ಕೆಲವು ಜೋರ್ನಾತಾಗಳ ಒಡೆಯನು ಶರತ್ಕಾಲದಲ್ಲಿ ಹಣ್ಣನ್ನು ಗಾಡಿಗೆ ಹೇರಿ ಪೇಟೆಗೆ ಒಯ್ದರೆ, ವರ್ತಕನೂ ದಲ್ಲಾಳಿಯೂ ಹೇಳಿದುದೇ ಬೆಲೆ. ಕೊಯ್ದ ದ್ರಾಕ್ಷಿಯನ್ನು ಮನೆಗೆ ಹಿಂದಕ್ಕೆ ಒಯ್ದು ಇಡಲು ಅವನಿಗೆ ಪೀಪಾಯಿಯೂ ಇಲ್ಲ, ನೆಲಮಾಳಿಗೆಯೂ ಇಲ್ಲ. ದೊರೆಗಳ ಮದ್ಯವೆಂದು ಹೆಸರಾದುದರ ಹಣ್ಣನ್ನು ಬೆಳೆದವನು ಹೀಗೆ ದರಿದ್ರನಾಗಿಯೇ ಉಳಿದನು. ಬೆಪ್ಪೆ ಫೆನೋಲ್ಯೋ ಎಂಬ ಆಲ್ಬಾ ಪಟ್ಟಣದ ಲೇಖಕರು ೧೯೫೪ರಲ್ಲಿ ಪ್ರಕಟಿಸಿದ ‘ಲಾ ಮಲೋರಾ’ ಎಂಬ ಕಥನವು ಲಾಂಗೆಯ ಒಕ್ಕಲಿಗರ ಈ ದಾರಿದ್ರ್ಯವನ್ನೇ ಕುರಿತುದಾಗಿದೆ. ಎರಡನೆಯ ಮಹಾಯುದ್ಧದ ಬಳಿಕ ಯುವಕರು ಗುಡ್ಡಗಳನ್ನು ಬಿಟ್ಟು ಟ್ಯೂರಿನ್ ನಗರದ ಮೋಟಾರು ಕಾರ್ಖಾನೆಗೂ, ಆಲ್ಬಾದಲ್ಲಿ ೧೯೪೬ರಲ್ಲಿ ಆರಂಭವಾದ ಮಿಠಾಯಿಯ ಕಾರ್ಖಾನೆಗೂ ಕೆಲಸಕ್ಕೆ ಹೋಗತೊಡಗಿದರು.

ಹಾಗಾದರೆ ಉಳಿದವರು ಕಾಯುವ ಶಕ್ತಿಯನ್ನು ಹೇಗೆ ಸಂಪಾದಿಸಿದರು? ಮೂರು ದಾರಿಗಳು ಕಾಣಬರುತ್ತವೆ.

ಮೊದಲನೆಯದು ಮಿಶ್ರ ಬೇಸಾಯ. ಲಾಂಗೆಯ ಒಕ್ಕಲಿಗನು ಇದ್ದ ಭೂಮಿಗೆಲ್ಲ ನೆಬ್ಬಿಯೋಲೋ ಹಾಕುತ್ತಿರಲಿಲ್ಲ. ತಂಪಾದ ಇಳಿಜಾರುಗಳಲ್ಲಿ ದೊಲ್ಚೆತ್ತೋ ಎಂಬ ಜಾತಿಯನ್ನು ಬೆಳೆಯುತ್ತಿದ್ದನು. ಅದು ನೆಬ್ಬಿಯೋಲೋವಿಗಿಂತ ಕೆಲವು ವಾರ ಮೊದಲು ಹಣ್ಣಾಗುತ್ತದೆ. ಒಗರು ಸೌಮ್ಯವಾದುದರಿಂದ ಅದರ ಮದ್ಯವನ್ನು ಮರುವರ್ಷವೇ ಮಾರಬಹುದು. ಬಾರ್ಬೆರಾ ಎಂಬ ಇನ್ನೊಂದು ಜಾತಿಯದೂ ಬೇಗನೆ ಖರ್ಚಾಗುತ್ತದೆ. ಬಳ್ಳಿಗೆ ಒಗ್ಗದ ಜಾಗದಲ್ಲಿ ಹೇಜಲ್ ಬೀಜದ ಗಿಡಗಳು, ಕೊಟ್ಟಿಗೆಯಲ್ಲಿ ದನಗಳು. ದೊಲ್ಚೆತ್ತೋ ಸಂಸಾರವನ್ನು ಸಾಕುತ್ತಿರುವಾಗ ಬರೋಲೋ ಪೀಪಾಯಿಯಲ್ಲಿ ನಿದ್ರಿಸುತ್ತಿತ್ತು. ಬೇಗ ಬರುವ ಸಣ್ಣ ಆದಾಯವು ತಡವಾಗಿ ಬರುವ ದೊಡ್ಡ ಆದಾಯವನ್ನು ಕಾಯುತ್ತಿತ್ತೆಂದು ಹೇಳಬಹುದು.

ಎರಡನೆಯದು ಸಹಕಾರ. ೧೮೯೪ರಲ್ಲಿಯೇ, ಆಲ್ಬಾದ ದ್ರಾಕ್ಷಾಮದ್ಯ ಶಾಲೆಯ ಮುಖ್ಯಸ್ಥರಾಗಿದ್ದ ದೊಮಿತ್ಸಿಯೋ ಕವಾತ್ಸಾ ಅವರು ನೆರೆಯ ಬಾರ್ಬರೆಸ್ಕೋ ಗ್ರಾಮದಲ್ಲಿ ಬೆಳೆಗಾರರ ಒಂದು ಸಂಘವನ್ನು ಕಟ್ಟಿದ್ದರು. ಅದು ಮುಂದೆ ನಿಂತುಹೋಯಿತು. ೧೯೫೮ರಲ್ಲಿ ಆ ಗ್ರಾಮದ ಪಾದ್ರಿಯು ೧೯ ಮಂದಿ ಸಣ್ಣ ಹಿಡುವಳಿದಾರರನ್ನು ಪುನಃ ಒಟ್ಟುಗೂಡಿಸಿದರು. ಮೊದಲ ಕೆಲವು ವರ್ಷಗಳ ಮದ್ಯವು ಚರ್ಚಿನ ನೆಲಮಾಳಿಗೆಯಲ್ಲಿಯೇ ತಯಾರಾಯಿತು. ಅದೇ ವರ್ಷ ಬರೋಲೋ ಸೀಮೆಯಲ್ಲಿಯೂ, ಶಾಲೆಯ ಉಪಾಧ್ಯಾಯರೂ ಗ್ರಾಮಾಧ್ಯಕ್ಷರೂ ಆಗಿದ್ದ ಆರ್ನಾಲ್ದೋ ರಿವೇರಾ ಅವರ ಯತ್ನದಿಂದ ಇನ್ನೊಂದು ಸಹಕಾರ ಸಂಘವು ಹುಟ್ಟಿತು. ಇವೆರಡೂ ಈಗಲೂ ನಡೆಯುತ್ತಿವೆ. ಒಬ್ಬೊಬ್ಬನಿಗೆ ಇರದ ಪೀಪಾಯಿಯೂ ನೆಲಮಾಳಿಗೆಯೂ ಸಂಘಕ್ಕೆ ಇದ್ದುದರಿಂದ, ಹಣ್ಣನ್ನು ಗಾಡಿಯಲ್ಲಿಟ್ಟುಕೊಂಡು ವರ್ತಕನ ಮುಖವನ್ನು ನೋಡುವ ಗತಿಯು ಸದಸ್ಯರಿಗೆ ತಪ್ಪಿತು.

ಮೂರನೆಯದು ಹೆಸರಿನ ರಕ್ಷಣೆ. ಬರೋಲೋ ಮತ್ತು ಬಾರ್ಬರೆಸ್ಕೋ ಹೆಸರುಗಳನ್ನು ಕಾಪಾಡಲು ೧೯೩೪ರಲ್ಲಿ ಒಂದು ಸಂಘವು ಸ್ಥಾಪಿತವಾಯಿತು. ೧೯೬೬ರಲ್ಲಿ ಸರಕಾರವು ಬರೋಲೋವಿಗೆ ನಿಯಂತ್ರಿತ ಮೂಲನಾಮದ ಮನ್ನಣೆಯನ್ನೂ, ೧೯೮೦ರಲ್ಲಿ ಅದಕ್ಕಿಂತ ಮೇಲಿನ ಖಾತರಿಯ ಮನ್ನಣೆಯನ್ನೂ ಕೊಟ್ಟಿತು. ಈ ನಿಬಂಧನೆಗಳು ಅಕ್ಕಸಾಲಿಯ ತಕ್ಕಡಿಯಂತೆ ಬಿಗಿಯಾದವು. ನೆಬ್ಬಿಯೋಲೋ ಹೊರತು ಬೇರೆ ಜಾತಿಯು ಸೇರಕೂಡದು; ಉತ್ತರದಿಕ್ಕಿಗೆ ಮುಖಮಾಡಿದ ಇಳಿಜಾರಿನಲ್ಲಿ ಬೆಳೆಯಕೂಡದು; ಒಂದು ಹೆಕ್ಟೇರಿಗೆ ೮ ಟನ್ನುಗಳಿಗಿಂತ ಹೆಚ್ಚು ಹಣ್ಣನ್ನು ಲೆಕ್ಕಕ್ಕೆ ಹಿಡಿಯಕೂಡದು. ಇಳುವರಿಯನ್ನು ಹೆಚ್ಚಿಸುವುದೇ ವ್ಯವಸಾಯದ ಗುರಿಯೆಂದು ನಂಬಿರುವವರಿಗೆ, ಇಳುವರಿಗೆ ಮೇಲೆಲ್ಲೆಯನ್ನು ಹಾಕುವ ಈ ಕಾಯಿದೆಯು ವಿಚಿತ್ರವಾಗಿ ತೋರಬಹುದು. ಆದರೆ ಬಳ್ಳಿಯ ಮೇಲೆ ಗೊಂಚಲು ಹೆಚ್ಚಿದಷ್ಟೂ ಹಣ್ಣಿನ ಸಾರವು ಕುಗ್ಗುವುದೆಂಬುದನ್ನು ಬೆಳೆಗಾರರೆಲ್ಲರೂ ಬಲ್ಲರು.

ಹೆಸರೆಂಬುದು ಎಷ್ಟು ಸುಲಭವಾಗಿ ಕೆಡುವುದೆಂಬುದು ೧೯೮೬ರಲ್ಲಿ ವ್ಯಕ್ತವಾಯಿತು. ಆ ವರ್ಷ ಇಟಲಿಯಲ್ಲಿ ಕೆಲವರು ವ್ಯಾಪಾರಿಗಳು ಅಗ್ಗದ ಮದ್ಯಕ್ಕೆ ಮೆಥನಾಲ್ ಎಂಬ ವಿಷವನ್ನು ಬೆರೆಸಿ ಮಾರಿದುದರಿಂದ ಸುಮಾರು ಇಪ್ಪತ್ತು ಜನರು ಸತ್ತರು. ಅನೇಕರು ಕಣ್ಣು ಕಳೆದುಕೊಂಡರು. ಆ ವಿಷದ ಮೂಲಗಳಲ್ಲಿ ಒಂದು ಕೂನಿಯೋ ಜಿಲ್ಲೆಯಲ್ಲಿಯೇ, ಬರೋಲೋವಿನಿಂದ ಬಹು ದೂರವಲ್ಲದ ಕಡೆಯಲ್ಲಿತ್ತು. ಯಾವ ತಪ್ಪನ್ನೂ ಮಾಡದ ಸಾವಿರಾರು ಬೆಳೆಗಾರರ ಮದ್ಯವು ಹೊರದೇಶಗಳಲ್ಲಿ ಕೊಳ್ಳುವವರಿಲ್ಲದೆ ನಿಂತಿತು. ಹತ್ತಾರು ವರ್ಷಗಳಲ್ಲಿ ಸಂಪಾದಿಸಿದ ನಂಬಿಕೆಯು ಒಂದು ವಸಂತಕಾಲದಲ್ಲಿ ಹೋಯಿತು. ಹೆಸರು ಊರವರೆಲ್ಲರ ಕೆರೆಯಿದ್ದಂತೆ. ಒಬ್ಬನು ವಿಷ ಹಾಕಿದರೂ ಎಲ್ಲರ ಗದ್ದೆಯೂ ಕೆಡುತ್ತದೆ.

ಇನ್ನು, ಹಳೆಯ ಪದ್ಧತಿಯನ್ನು ಹೊಗಳುವಾಗ ಹೊಸಬರ ವಾದವನ್ನೂ ಕೇಳುವುದು ನ್ಯಾಯ. ೧೯೮೦ರ ತರುವಾಯ ಲಾಂಗೆಯ ಕೆಲವರು ತರುಣರು, ದೀರ್ಘಕಾಲದ ನೆನೆಹಾಕುವಿಕೆಯನ್ನು ಕೆಲವು ದಿನಗಳಿಗೆ ಇಳಿಸಿ, ೨೨೫ ಲೀಟರು ಹಿಡಿಯುವ ಫ್ರೆಂಚ್ ಓಕಿನ ಚಿಕ್ಕ ಪೀಪಾಯಿಗಳನ್ನು ತರಿಸಿ, ಬೇಗನೆ ಮೃದುವಾಗುವ ಬರೋಲೋವನ್ನು ಮಾಡತೊಡಗಿದರು. ಲಾ ಮೊರ್ರಾ ಗ್ರಾಮದ ಎಲಿಯೋ ಅಲ್ತಾರೆ ಅವರು ೧೯೮೩ರಲ್ಲಿ ತಂದೆಯ ಹಳೆಯ ಪೀಪಾಯಿಗಳನ್ನು ಗರಗಸದಿಂದ ಕೊಯ್ದುಹಾಕಿದುದೂ, ತಂದೆಯು ಮಗನಿಗೆ ಆಸ್ತಿಯ ಹಕ್ಕನ್ನು ತಪ್ಪಿಸಿದುದೂ ಆ ಸೀಮೆಯಲ್ಲೆಲ್ಲ ಪ್ರಸಿದ್ಧವಾದ ಸಂಗತಿ. ಇತ್ತ ಬಾರ್ತೊಲೋ ಮಸ್ಕರೆಲ್ಲೋ ಅವರು ತಮ್ಮ ಕೈಯಿಂದಲೇ ಸೀಸೆಯ ಚೀಟಿಯನ್ನು ಬರೆದು, ಚಿಕ್ಕ ಪೀಪಾಯಿಯೂ ಬೇಡ, ರಾಜಕಾರಣಿ ಬೆರ್ಲುಸ್ಕೋನಿಯೂ ಬೇಡ ಎಂದು ಅದರ ಮೇಲೆ ಸಾರಿದರು.

ಹೊಸಬರು ಹೇಳಿದುದೆಲ್ಲ ಸುಳ್ಳಲ್ಲ. ಹಳೆಯ ಪೀಪಾಯಿಗಳಲ್ಲಿ ಎಷ್ಟೋ ಕೊಳೆತು ನಾರುತ್ತಿದ್ದುವು. ಶುಚಿತ್ವದ ಅಭಾವಕ್ಕೆ ಸಂಪ್ರದಾಯವೆಂಬ ಮುಸುಕು ಹಾಕುವ ಅಭ್ಯಾಸವು ಎಲ್ಲ ದೇಶಗಳಲ್ಲಿಯೂ ಉಂಟು. ಗೊಂಚಲುಗಳನ್ನು ಕಡಮೆಮಾಡಿ ಗುಣವನ್ನು ಹೆಚ್ಚಿಸುವ ಕ್ರಮವನ್ನು ಅವರು ಹುರುಪಿನಿಂದ ಹರಡಿದರು. ಬಡತನದ ನೆನಪು ಹಸಿಯಾಗಿದ್ದ ಅವರಿಗೆ ಬೇಗನೆ ಹಣ ಕಾಣಬೇಕೆಂಬ ಆತುರವಿದ್ದುದೂ ಕ್ಷಮಾರ್ಹವೇ. ಆದರೂ ಲೆಕ್ಕವನ್ನು ನೋಡಿದರೆ ನಮ್ಮ ಒಲವು ಹಿರಿಯರ ಕಡೆಗೇ. ಚಿಕ್ಕ ಪೀಪಾಯಿಯು ಕೆಲವು ವರ್ಷಗಳಲ್ಲಿಯೇ ತನ್ನ ಗುಣವನ್ನು ಕಳೆದುಕೊಂಡು, ಪುನಃ ಪುನಃ ಹೊರದೇಶದಿಂದ ಕೊಳ್ಳಬೇಕಾದ ಖರ್ಚಿನ ಬಾಬಾಗುತ್ತದೆ. ದೊಡ್ಡ ಪೀಪಾಯಿಯು ಒಮ್ಮೆ ಹಾಕಿದ ಬಂಡವಾಳ. ಅದಕ್ಕಿಂತ ಮುಖ್ಯವಾದುದೇನೆಂದರೆ, ಪೇಟೆಯ ಅಭಿರುಚಿಯನ್ನು ಬೆನ್ನಟ್ಟಿದವನು ಅದು ತಿರುಗಿದಾಗಲೆಲ್ಲ ತಾನೂ ತಿರುಗಬೇಕಾಗುತ್ತದೆ. ೨೦೦೦ದ ಈಚೆಗೆ ಪೇಟೆಯು ಪುನಃ ಹಳೆಯ ರುಚಿಯನ್ನು ಕೇಳತೊಡಗಿತು. ಚಿಕ್ಕ ಪೀಪಾಯಿಗಳನ್ನು ಕೊಂಡ ಮನೆಗಳಲ್ಲಿ ಅನೇಕವು ಮತ್ತೆ ದೊಡ್ಡವನ್ನು ತರಿಸಿದುವು. ಒಂದೇ ಕಡೆ ನಿಂತಿದ್ದವರಿಗೆ ಎರಡು ಸಲದ ಖರ್ಚೂ ಉಳಿಯಿತು.

ಈಗ ಬಂದಿರುವ ಅಪಾಯವು ಬೇರೆಯ ಬಗೆಯದು. ಅದು ದಾರಿದ್ರ್ಯದಿಂದ ಹುಟ್ಟಿದುದಲ್ಲ, ಐಶ್ವರ್ಯದಿಂದ ಹುಟ್ಟಿದುದು. ಬರೋಲೋ ತೋಟದ ಬೆಲೆಯು ಈಗ ಹೆಕ್ಟೇರಿಗೆ ಹತ್ತು ಲಕ್ಷ ಯೂರೋಗಳನ್ನು ಮೀರಿದೆ. ಹನ್ನೆರಡು ಎಕರೆಯ ಒಕ್ಕಲಿಗನು ಕಾಗದದ ಮೇಲೆ ಕೋಟ್ಯಧೀಶನು. ಆದರೆ ಉಳುವವನಿಗೆ ಭೂಮಿಯ ಬೆಲೆಯಿಂದ ಅನ್ನ ಹುಟ್ಟುವುದಿಲ್ಲ, ಬೆಳೆಯಿಂದ ಹುಟ್ಟುತ್ತದೆ. ಮೂವರು ಮಕ್ಕಳಲ್ಲಿ ಒಬ್ಬನು ತೋಟದಲ್ಲಿದ್ದು ಇಬ್ಬರು ನಗರದಲ್ಲಿದ್ದರೆ, ಆ ಇಬ್ಬರ ಪಾಲನ್ನು ಈ ಬೆಲೆಗೆ ಕೊಳ್ಳಲು ಮೊದಲನೆಯವನ ಒಂದು ಜನ್ಮದ ದುಡಿಮೆಯೂ ಸಾಲದು. ಆಗ ಹೊರಗಿನ ಧನಿಕನು ಬಾಗಿಲಲ್ಲಿ ನಿಂತಿರುತ್ತಾನೆ. ೨೦೧೬ರಲ್ಲಿ ಕಸ್ತಿಲ್ಯೋನೆ ಫಲ್ಲೆತ್ತೋ ಗ್ರಾಮದ ಹೆಸರಾಂತ ಮನೆತನವೊಂದರ ತೋಟವೂ ಮದ್ಯಶಾಲೆಯೂ ಅಮೇರಿಕದ ಉದ್ಯಮಿಯ ಕೈಸೇರಿದಾಗ ಸೀಮೆಯಲ್ಲೆಲ್ಲ ಕಳವಳವುಂಟಾಯಿತು. ಮತ್ತೊಂದು ಕಡೆ, ಬೆಲೆಯ ಆಸೆಯಿಂದ ದೊಲ್ಚೆತ್ತೋವನ್ನು ಕಿತ್ತು ನೆಬ್ಬಿಯೋಲೋ ಹಾಕುವವರು ಹೆಚ್ಚಿದ್ದಾರೆ. ಕಾಯುವ ಕಾಲದಲ್ಲಿ ಸಂಸಾರವನ್ನು ಸಾಕಿದ ಬೆಳೆಯನ್ನೇ ಹೀಗೆ ಕಿತ್ತರೆ, ಪೇಟೆಯು ಇಳಿದ ದಿನ ಊರುಗೋಲಿಲ್ಲದೆ ನಿಲ್ಲಬೇಕಾಗುವುದು. ಬೇಸಗೆಯ ಬಿಸಿಲೂ ವರ್ಷದಿಂದ ವರ್ಷಕ್ಕೆ ಏರುತ್ತಿದ್ದು, ಕೊಯ್ಲಿನ ಕಾಲವು ಹಿಂದಿಗಿಂತ ಮುಂಚಿತವಾಗಿ ಬರುತ್ತಿದೆ. ಒಂದೇ ಬೆಳೆಯನ್ನು ನಂಬಿದವರಿಗೆ ಇದೂ ಒಂದು ಎಚ್ಚರಿಕೆ.

ದ್ರಾಕ್ಷಿಯ ನಾಡುಗಳ ಅನುಭವದಿಂದ ನಮಗೆ ಉಪಕಾರವಾದುದು ಹೊಸದಲ್ಲ. ಮಲೆನಾಡಿನ ಅಡಕೆಯ ತೋಟಗಳಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವು ೧೮೮೫ರ ಸುಮಾರಿನಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದುದು. ೧೯೧೦ರ ಸುಮಾರಿನಲ್ಲಿ ಮೈಸೂರು ಸಂಸ್ಥಾನದ ಡಾಕ್ಟರ್ ಕೋಲ್ಮನ್ ಅವರು ಅದನ್ನು ಅಡಕೆಗೆ ಹೊಂದಿಸಿ ಪ್ರಚಾರಕ್ಕೆ ತಂದರು. ಅದರಂತೆಯೇ ಸ್ಥಳನಾಮದ ಕಾಯಿದೆಯೂ ಬಹುಮಟ್ಟಿಗೆ ಮದ್ಯದ ನಾಡುಗಳಿಂದ ಬಂದುದು. ೧೯೯೪ರ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವು ದ್ರಾಕ್ಷಾಮದ್ಯಗಳ ಸ್ಥಳನಾಮಕ್ಕೆ ಇತರ ಪದಾರ್ಥಗಳಿಗಿಂತ ಹೆಚ್ಚಿನ ರಕ್ಷಣೆಯನ್ನು ಕೊಟ್ಟಿತು. ಆ ಒಪ್ಪಂದಕ್ಕೆ ಅನುಸಾರವಾಗಿಯೇ ಭಾರತವು ೧೯೯೯ರಲ್ಲಿ ಭೌಗೋಳಿಕ ಗುರುತುಗಳ ಕಾಯಿದೆಯನ್ನು ಮಾಡಿ ೨೦೦೩ರಲ್ಲಿ ಜಾರಿಗೆ ತಂದಿತು. ಕೊಡಗಿನ ಕಿತ್ತಳೆ, ನಂಜನಗೂಡಿನ ರಸಬಾಳೆ, ಬೆಂಗಳೂರು ನೀಲಿ ದ್ರಾಕ್ಷಿ ಮೊದಲಾದುವು ಆ ಕಾಯಿದೆಯಂತೆ ದಾಖಲಾಗಿವೆ. ಆದರೆ ರಸಬಾಳೆಯ ಗತಿಯನ್ನು ನೋಡಿರಿ. ಹೆಸರಿಗೆ ರಕ್ಷಣೆ ಬಂದಿದೆ. ಬೇಸಾಯವಾದರೋ ಸೊರಗು ರೋಗವೇ ಮೊದಲಾದ ಕಾರಣಗಳಿಂದ ಬಹಳ ಕುಗ್ಗಿಹೋಗಿದೆ. ಬೇಲಿಯನ್ನು ಭದ್ರವಾಗಿ ಕಟ್ಟಿದೆವು. ಒಳಗಿನ ಗಿಡವು ಒಣಗುತ್ತಿದೆ.

ಆದುದರಿಂದ ನಮ್ಮ ಸಲಹೆಯು ಇಷ್ಟೇ. ಒಂದು ಊರಿನ ಬೆಳೆಗೆ ಹೆಸರಿನ ಮನ್ನಣೆ ದೊರೆತ ಕೂಡಲೇ ಕೆಲಸವು ಮುಗಿಯಿತೆಂದು ತಿಳಿಯತಕ್ಕದ್ದಲ್ಲ. ಅಂದಿನಿಂದಲೇ ಅದು ಪ್ರಾರಂಭವಾಗತಕ್ಕದ್ದು. ಹೆಸರಿನ ನಿಬಂಧನೆಯ ಜತೆಗೆ, ಫಸಲನ್ನು ಕಾಯ್ದಿಡುವ ಉಗ್ರಾಣ, ಅದರ ಮೇಲೆ ದೊರೆಯುವ ಹಗುರವಾದ ಬಡ್ಡಿಯ ಸಾಲ, ಸಣ್ಣವರನ್ನು ಕೂಡಿಸುವ ಸಹಕಾರ ಸಂಘ, ಆರೋಗ್ಯವಾದ ಸಸಿ, ಇವುಗಳು ಬೆಳೆಗಾರನಿಗೆ ದೊರೆಯಬೇಕು. ಬೆಳೆಗಾರನೂ ಬೆಲೆಯೇರಿದ ಒಂದು ಬೆಳೆಗಾಗಿ ಮನೆಯನ್ನು ಸಾಕುವ ಬೆಳೆಯನ್ನು ಕೀಳದಿರಬೇಕು. ಪಕ್ಕದವನ ಕಲಬೆರಕೆಯನ್ನು ಕಂಡೂ ಕಾಣದಂತಿರದೆ, ಅದು ತನ್ನ ಅನ್ನಕ್ಕೇ ಬಿದ್ದ ವಿಷವೆಂದು ತಿಳಿಯಬೇಕು.

ಬರೋಲೋ ಗ್ರಾಮದ ಆ ನೆಲಮಾಳಿಗೆಯಲ್ಲಿ ಮೂರು ತಲೆಮಾರುಗಳ ಕೆಲಸವು ದೊಡ್ಡ ಪೀಪಾಯಿಗಳ ನೆರಳಿನಲ್ಲಿ ನಡೆದುಬಂದಿದೆ. ಅಲ್ಲಿನ ಮದ್ಯವು ನಮಗೆ ಬೇಕಾಗಿಲ್ಲ. ಬೆಳೆದವನೇ ತನ್ನ ಫಸಲಿಗೆ ಬೆಲೆಯನ್ನೂ ಮಾರುವ ದಿನವನ್ನೂ ಗೊತ್ತುಮಾಡುವ ಆ ಸ್ವಾತಂತ್ರ್ಯವು ಬೇಕಾಗಿದೆ. ಅದನ್ನು ಸಣ್ಣ ಹಿಡುವಳಿದಾರನಿಗೆ ಒದಗಿಸುವುದು ಅಸಾಧ್ಯವಾದ ಕೆಲಸವಲ್ಲವೆಂಬುದಕ್ಕೆ ಆ ಹನ್ನೆರಡು ಎಕರೆಗಳೇ ಪ್ರಮಾಣ.